ಫೇಲಾದ ವರ್ಷಗಳ ವೈನು

ನನಗೆ ಯಾರ ಮೇಲೂ ಪೂರ್ತಿ ನಂಬಿಕೆ ಇಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸಿದವನ ಸ್ವಭಾವ ಬೇರೆ ಹೇಗಿರಲು ಸಾಧ್ಯ? ಮಾರುಕಟ್ಟೆ ಯಾರ್ಡಿನಲ್ಲಿ ಸುರಿದ ರಾಶಿಯ ಮೇಲ್ಗಡೆ ಕಾಯಿ ಯಾವತ್ತೂ ದುಂಡಗೆ, ಚೊಕ್ಕಟವಾಗಿ ಇರುತ್ತದೆ. ಆದ್ದರಿಂದ ನಾನು ಮೇಲ್ಗಡೆ ನೋಡುತ್ತಲೇ ಇರಲಿಲ್ಲ. ಮೊಣಕೈವರೆಗೆ ತೋಳು ತೂರಿಸಿ ತಳದಿಂದ ಒಂದು ಹಿಡಿ ತೆಗೆದು, ಸಿಪ್ಪೆ ಒಡೆದು, ಬೀಜವನ್ನು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿಯುತ್ತಿದ್ದೆ. ಮುಗ್ಗು ಹಿಡಿದ ಬೀಜ ನಾಲ್ಕೇ ನಾಲ್ಕು ಇದ್ದರೂ ಗೊತ್ತಾಗಿಬಿಡುತ್ತಿತ್ತು. ಯಾರ್ಡಿನಲ್ಲಿ ನನ್ನ ಮೂಗಿಗೆ ಹೆಸರಿತ್ತು. ನಾನು ರಾಶಿಯ ಮುಂದೆ ಬಗ್ಗಿದೆ ಅಂದರೆ ದಲಾಲಿಗಳು ಬಾಯಿ ಮುಚ್ಚಿ ನಿಲ್ಲುತ್ತಿದ್ದರು.

ಇಂಥ ನನಗೆ ಒಬ್ಬರು ಷಡ್ಡಕರು. ನನ್ನ ಹೆಂಡತಿಯ ಅಕ್ಕನ ಗಂಡ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ವ್ಯಾಪಾರ. ನನಗಿಂತ ಆರು ವರ್ಷ ದೊಡ್ಡವರು, ನಾನು ಅಣ್ಣಾರೆ ಅನ್ನುತ್ತಿದ್ದೆ. ಮಗ್ಗದವರ ಹತ್ತಿರ ತೆಲುಗು, ನಮ್ಮ ಹತ್ತಿರ ಕನ್ನಡ, ಎರಡರಲ್ಲೂ ಸಿಹಿ ಮಾತು. ಸಿಹಿ ಮಾತಿನವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಏನು ಮಾರುವುದಕ್ಕೆ ಬಂದಿದ್ದಾರೆ ಅಂತ ಯೋಚನೆ ಶುರುವಾಗುತ್ತದೆ.

ಅವರಿಗೆ ಒಬ್ಬ ಪರದೇಶಿ ಗಿರಾಕಿ ಇದ್ದ. ವೈನಿಗೆ ಹೆಸರಾದ ಫ್ರಾನ್ಸಿನ ಬೋರ್ಡೋ ಸೀಮೆಯ ಮುದುಕ. ಅವನೂ ಅವನ ಹೆಂಡತಿಯೂ ಸೇರಿ ಅಲ್ಲಿ ಬಟ್ಟೆಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದರಂತೆ. ಪ್ರತಿ ಚಳಿಗಾಲ ಇಬ್ಬರೂ ಬಂದು ಒಂದಿಷ್ಟು ರೇಷ್ಮೆ ಆರಿಸಿಕೊಂಡು ಹೋಗುತ್ತಿದ್ದರು. ಬರುವಾಗ ತಲೆಗೆ ಎರಡರಂತೆ ನಾಲ್ಕು ಬಾಟಲಿ ಕೆಂಪು ವೈನು ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ತರುತ್ತಿದ್ದರು. ಅವರ ಮನೆಯಲ್ಲೇ ಹತ್ತು ಹನ್ನೆರಡು ವರ್ಷ ಮಲಗಿದ್ದ ಮಾಲು. ವಿಭೂತಿ ಹಚ್ಚಿದ ಮನೆತನಕ್ಕೆ ತಂದುಕೊಡುವ ಉಡುಗೊರೆಯೇ ಇದು! ಷಡ್ಡಕರು ಬೇಡ ಅನ್ನಲಿಲ್ಲ. ಗಿರಾಕಿ ಬೇಜಾರಾದಾನು ಅಂತ ತೆಗೆದುಕೊಂಡೆ ಅಂದರು. ಮೊದಲ ಸಲ ಹಾಗೆ ಅಂದಾಗ ನಂಬಬಹುದಿತ್ತು. ಎಂಟನೇ ಸಲವೂ ಅದನ್ನೇ ಅಂದರು.

ತೊಂಬತ್ತಾರೋ ತೊಂಬತ್ತೇಳೋ ಇರಬೇಕು, ಒಂದು ಭಾನುವಾರ ಬಿ.ಜಿ. ಕೆರೆಗೆ ಬಾ ಅಂತ ಫೋನು ಮಾಡಿದರು. ಅಲ್ಲಿ ಅವರಿಗೆ ಹೊಲ, ಹೊಲದಲ್ಲಿ ಎರಡು ಅಂಕಣದ ಹಳೇ ಮನೆ. ನನಗೂ ಅವರಿಗೂ ಹೆಚ್ಚುಕಡಿಮೆ ಮಧ್ಯದ ದಾರಿ. ಮನೆಯ ಹಿಂದೆ ಒಂದು ಹಗೇವು ಇತ್ತು, ಹಿಂದೆಲ್ಲ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಜೋಳ ತುಂಬುವುದು ನಿಂತು ಎಷ್ಟೋ ವರ್ಷವಾಗಿತ್ತು. ಅವರು ಬಾಯಿಗೆ ಮುಚ್ಚಿದ ಚಪ್ಪಡಿ ಸರಿಸಿ, ಗಾಳಿಯಾಡಲಿ ಅಂತ ಸ್ವಲ್ಪ ಹೊತ್ತು ಬಿಟ್ಟು, ಹಗ್ಗ ಕಟ್ಟಿದ ಕಂದೀಲು ಇಳಿಸಿದರು. ಕಂದೀಲು ಆರಲಿಲ್ಲ. ಹಗೇವಿನ ಕೆಟ್ಟ ಗಾಳಿಗೆ ಪ್ರಾಣ ಕಳೆದುಕೊಂಡವರ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಹಾಗಾಗಿ ಖಾಲಿ ಹಗೇವಿಗೂ ದೀಪ ಇಳಿಸದೆ ಯಾರೂ ಕಾಲಿಡುವುದಿಲ್ಲ. ಆಮೇಲೆ ಅವರೊಬ್ಬರೇ ಏಣಿ ಇಳಿದು ಒಂದು ಬಾಟಲಿ ಹಿಡಿದು ಮೇಲೆ ಬಂದರು. ಮೊಣಕಾಲಿಗೆಲ್ಲ ಮಣ್ಣು.

"ನೆಲದೊಳಗೆ ತಣ್ಣಗೆ ಇರ್ತೈತೆ ತಮ್ಮಾ. ಬಿಸಿಲು ತಾಗಿದ್ರೆ ಕೆಡ್ತೈತಂತೆ" ಅಂದರು.

ಕೆಡುವುದಕ್ಕೆ ಇನ್ನು ಏನು ಬಾಕಿ ಇತ್ತು ಅನ್ನಿಸಿತು, ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿದಾಗ. ಕೆಂಪು ಅಂತ ಹೇಳಿದ್ದರು. ನಡುವೆ ಕೆಂಪಿತ್ತು ನಿಜ, ಅಂಚಿನಲ್ಲಿ ಹಳೇ ಇಟ್ಟಿಗೆಯ ಬಣ್ಣ. ಬಾಟಲಿಯ ತಳದಲ್ಲಿ ಗಸಿ. ಎಣ್ಣೆಯಲ್ಲಿ ಇಂಥ ಗಸಿ ಕಂಡಿದ್ದರೆ ಡಬ್ಬಿಯನ್ನೇ ವಾಪಸು ಕಳಿಸುತ್ತಿದ್ದೆ. ಷಡ್ಡಕರು ಮಾತ್ರ ಕೈ ಅಲುಗಾಡದ ಹಾಗೆ ನಿಧಾನಕ್ಕೆ ಬಗ್ಗಿಸಿ, ಗಸಿ ಕುತ್ತಿಗೆಗೆ ಬರುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿದರು. ಇಷ್ಟು ನಾಜೂಕು ಕೈ ಎಷ್ಟು ಬಾಟಲಿ ಬಗ್ಗಿಸಿ ಕಲಿತದ್ದು ಅಂತ ನನಗೆ ಆಗಲೇ ಅನುಮಾನ ಬಂತು.

ನಾನು ಕುಡಿಯುವ ಮೊದಲು ಲೋಟವನ್ನು ಮೂಗಿಗೆ ಹಿಡಿದೆ. ಹಳಸಿದ್ದನ್ನು ಹಿಡಿದುಕೊಟ್ಟು ಅವರ ಮುಖ ಕೆಡಿಸಬೇಕು ಅನ್ನುವುದೇ ನನ್ನ ಆಸೆ. ಹಳಸಿರಲಿಲ್ಲ. ಮೊದಲು ಬಂದದ್ದು ಹಸಿ ಮೆಣಸಿನಕಾಯಿಯ ತೊಟ್ಟು ಮುರಿದಾಗ ಬರುವ ವಾಸನೆ. ಅದರ ಹಿಂದೆ ಒಣಗಿದ ಹೊಗೆಸೊಪ್ಪು. ಅದರ ಹಿಂದೆ ಮಳೆಗೆ ಸ್ವಲ್ಪ ನೆಂದು ಒಣಗಿದ ಗೋಣಿಚೀಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂಸಿದರೆ ಎಲ್ಲೋ ಒಣ ಅಂಜೂರ. ಬಾಯಿಗೆ ಹಾಕಿದರೆ ತೆಳು, ಸ್ವಲ್ಪ ಹುಳಿ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಚೂರು ಒಗರು. ಒಂದು ಗುಟುಕಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬೇರೆಯೇ ಆಗಿರುತ್ತಿತ್ತು. ಹುರಿದ ಶೇಂಗಾ ಜೊತೆ ಎರಡು ಲೋಟ ಮುಗಿಸಿದೆ. ನನಗೆ ಖುಷಿಯಾಯಿತು. ಖುಷಿಯಾಗಿದ್ದು ಅವರಿಗೆ ಗೊತ್ತಾಗಬಾರದು ಅಂತ "ಪರವಾಗಿಲ್ಲ" ಅಂದೆ.

"ಪರವಾಗಿಲ್ಲ ಅಂದೋನು ಲೋಟ ನೆಕ್ಕಬಾರ್ದು" ಅಂದರು.

ಅಲ್ಲಿಂದ ಅದೊಂದು ರೂಢಿಯಾಯಿತು. ಎರಡು ಮೂರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಒಂದೇ ಬಾಟಲಿ, ಇಬ್ಬರೇ. ಮನೆಯಲ್ಲಿ ಬೋರ್‌ವೆಲ್ ನೋಡಿಬರುತ್ತೇವೆ ಅಂತ ಹೇಳುವುದು. ಆ ಹೊಲದ ಬೋರ್‌ವೆಲ್ಲನ್ನು ನಾವು ನೋಡಿದಷ್ಟು ಸಲ ಅದನ್ನು ಕೊರೆದವನೂ ನೋಡಿರಲಿಕ್ಕಿಲ್ಲ. ಯಾರ್ಡಿನಲ್ಲಿ, ಮಿಲ್ಲಿನಲ್ಲಿ, ನೆಂಟರ ನಡುವೆ ನಾನು ಬಾಯಿ ಬಿಗಿಹಿಡಿದುಕೊಂಡೇ ಇರುವವನು. ಅಲ್ಲಿ ಮಾತ್ರ ಎರಡನೇ ಲೋಟಕ್ಕೆ ಮಾತು ಸಡಿಲವಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಬೇರೆ ಸ್ನೇಹಿತರು ಇರಲಿಲ್ಲ. ಆ ಮನುಷ್ಯ ಒಬ್ಬರೇ.

ಆದರೆ ಅನುಮಾನ ಹಾಗೇ ಇತ್ತು. ಪ್ರತಿ ಬಾಟಲಿಯ ಚೀಟಿ ಮೇಲೆ ಒಂದು ಇಸವಿ ಇರುತ್ತಿತ್ತು, ದ್ರಾಕ್ಷಿ ಕೊಯ್ದ ವರ್ಷ. ಎಂಬತ್ತನಾಲ್ಕು, ಎಂಬತ್ತೇಳು, ತೊಂಬತ್ತೊಂದು, ತೊಂಬತ್ತೆರಡು. ಚಳ್ಳಕೆರೆ ಬಸ್‌ಸ್ಟ್ಯಾಂಡ್ ಹತ್ತಿರ ಬ್ರೌಸಿಂಗ್ ಸೆಂಟರ್ ಶುರುವಾದಾಗ ಈ ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೂತೆ. ಒಂದು ಪಟ್ಟಿ ಸಿಕ್ಕಿತು. ಶಾಲೆಯ ಮಕ್ಕಳಿಗೆ ಕೊಟ್ಟ ಹಾಗೆ ಒಂದೊಂದು ವರ್ಷಕ್ಕೂ ಮಾರ್ಕ್ಸು ಕೊಟ್ಟಿದ್ದರು. ಎಂಬತ್ತೆರಡು ಫಸ್ಟ್ ಕ್ಲಾಸು. ತೊಂಬತ್ತು ಫಸ್ಟ್ ಕ್ಲಾಸು. ನಮ್ಮ ಬಾಟಲಿಗಳೆಲ್ಲ ಹಿಂದಿನ ಬೆಂಚು. ಚಳಿ, ಮಳೆ, ಹಣ್ಣಾಗದ ದ್ರಾಕ್ಷಿ, ಏನೇನೋ ಕಾರಣ ಬರೆದಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಐದು ವರ್ಷದಿಂದ ಈ ಮನುಷ್ಯ ನನಗೆ ಫೇಲಾದ ವರ್ಷಗಳನ್ನೇ ಕುಡಿಸುತ್ತಿದ್ದಾರೆ! ಹಾಗಾದರೆ ಪಾಸಾದ ವರ್ಷಗಳು ಎಲ್ಲಿ? ಹಗೇವಿಗೆ ಇಳಿಯುವವರು ಅವರೊಬ್ಬರೇ. ಒಳಗೆ ಏನೇನಿದೆ ಅಂತ ನಾನು ಒಂದು ದಿನವೂ ಕಂಡವನಲ್ಲ.

ಮುಂದಿನ ಭಾನುವಾರ ಕೇಳಿಯೇಬಿಟ್ಟೆ. "ಅಣ್ಣಾರೆ, ಎಂಬತ್ತೇಳು ಅಂಥಾ ಚಲೋ ವರ್ಷ ಅಲ್ಲಂತಲ್ಲ?"

ಅವರು ತಬ್ಬಿಬ್ಬಾಗುತ್ತಾರೆ ಅಂದುಕೊಂಡಿದ್ದೆ. ಹಲ್ಲು ಬಿಟ್ಟು ನಕ್ಕರು. "ಅಲ್ಲ. ಆ ಮುದುಕ ಹೇಳೇ ಕೊಡ್ತಾನೆ. ಅವನ ಕಡೆಯೋರದು ದ್ರಾಕ್ಷಿ ತೋಟ. ಚಲೋ ವರ್ಷದ್ದನ್ನ ಮಾರ್ತಾರಂತೆ, ಮಳೆ ಕೆಡಿಸಿದ್ದನ್ನ ಮನೆಗೆ ಇಟ್ಕೋತಾರಂತೆ. ನಿಮ್ಮನೇಲಿ ಏನ್ ಮಾಡ್ತೀರಿ? ದಪ್ಪ ಬೀಜ ಮನೆಗೆ ಒಯ್ತೀಯಾ?"

ಒಯ್ಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹುರಿಯುತ್ತಿದ್ದದ್ದು ಯಾವಾಗಲೂ ಜರಡಿಯಿಂದ ಕೆಳಗೆ ಬಿದ್ದ ಸಣ್ಣ ಬೀಜ. ರುಚಿ ಅದಕ್ಕೇ ಜಾಸ್ತಿ.

"ಇನ್ನೊಂದೈತೆ" ಅಂದರು. "ಚಲೋ ವರ್ಷದ್ದು ಇಪ್ಪತ್ತು ಮೂವತ್ತು ವರ್ಷ ಮಲಗಿಸ್ಬೇಕಂತೆ. ಅದಕ್ಕೆ ಮುಂಚೆ ಬಾಯಿಗೆ ಹಾಕಿದ್ರೆ ಕಾಚು ತಿಂದಂಗೆ ಒಗರಂತೆ. ಇದು ಪಾಪದ್ದು, ಹತ್ತು ವರ್ಷಕ್ಕೇ ಮೆತ್ತಗಾಗ್ತೈತೆ. ನನಗೆ ಈಗ ಐವತ್ತೈದು. ಫಸ್ಟ್ ಕ್ಲಾಸಿಂದು ಹಣ್ಣಾಗೋತನಕ ಕಾಯಾಕೆ ನನ್ನ ಕೈಲಿ ಆಗಲ್ಲಪ್ಪ."

ಉತ್ತರ ಬಹಳ ಸರಿಯಾಗಿತ್ತು. ಅಷ್ಟು ಸರಿಯಾದ ಉತ್ತರ ಯಾರಾದರೂ ತಯಾರು ಮಾಡಿಟ್ಟುಕೊಳ್ಳದೆ ಕೊಡುತ್ತಾರೆಯೇ? ನಾನೇ ಇಳಿಯುತ್ತೇನೆ ಅಂದೆ. ಸರಿ ಇಳಿ ಅಂದರು. ಕಂದೀಲು ಇಳಿಸಿ, ಏಣಿಯಲ್ಲಿ ಇಳಿದು, ಬಗ್ಗಿಕೊಂಡು ನೋಡಿದೆ. ಹುಲ್ಲಿನ ಮೇಲೆ ಹನ್ನೊಂದು ಬಾಟಲಿ ಮಲಗಿದ್ದವು. ಒಂದೊಂದನ್ನೇ ಬೆಳಕಿಗೆ ತಿರುಗಿಸಿದೆ. ಹನ್ನೊಂದೂ ಹಿಂದಿನ ಬೆಂಚು. ಹುಲ್ಲನ್ನೂ ಕೆದಕಿ ನೋಡಿದೆ. ಮೇಲೆ ಬಂದಾಗ ಅವರು ನನ್ನ ಅಂಗಿಯ ಮೇಲಿನ ಹುಲ್ಲು ತೆಗೆದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬೇರೆ ಕಡೆ ಇಟ್ಟಿರಬಹುದು ಅನ್ನಿಸಿತು.

ಅದಾದ ಮೇಲೆ ಎರಡು ಮೂರು ವರ್ಷ ಒಳ್ಳೆಯ ಕಾಲ. ತೊಂಬತ್ತಮೂರರ ಬಾಟಲಿಗಳು ಬಂದವು, ಅವು ಸ್ವಲ್ಪ ಗಟ್ಟಿ. ತೊಂಬತ್ತೆರಡು ನೀರು ನೀರು ಅಂತ ನಾನು ಮೂಗು ಮುರಿದೆ, ಅವರು ಅದೇ ಚಂದ ಅಂತ ವಾದ ಮಾಡಿದರು. ಯಾವುದು ಎಷ್ಟು ಹೊತ್ತು ಲೋಟದಲ್ಲಿ ನಿಲ್ಲುತ್ತದೆ, ಯಾವುದನ್ನು ಬಗ್ಗಿಸಿದ ತಕ್ಷಣ ಕುಡಿಯಬೇಕು ಅಂತ ನಮಗೇ ತಿಳಿಯತೊಡಗಿತು. ಫೇಲಾದವುಗಳ ಆಯುಷ್ಯ ಕಡಿಮೆ. ಅರ್ಧ ಗಂಟೆ ಚೆನ್ನಾಗಿ ಮಾತಾಡಿ ಆಮೇಲೆ ಸುಮ್ಮನಾಗುತ್ತಿದ್ದವು. ಆ ಅರ್ಧ ಗಂಟೆ ನಾವಿಬ್ಬರೂ ಲೋಟದ ಮೇಲೆ ಮುಖ ಇಟ್ಟುಕೊಂಡು ಕೂತಿರುತ್ತಿದ್ದೆವು.

ಆಮೇಲೆ ಒಂದು ಮಳೆಗಾಲ ನನಗೆ ಜೋರು ನೆಗಡಿ ಜ್ವರ ಬಂತು. ಹದಿನೈದು ದಿನ ಮಲಗಿ ಎದ್ದೆ. ಎದ್ದಮೇಲೆ ಬಿ.ಜಿ. ಕೆರೆಯಲ್ಲಿ ತೆಗೆದ ಮೊದಲ ಬಾಟಲಿ ಸಪ್ಪೆ ಅನ್ನಿಸಿತು. ಜ್ವರದ ಬಾಯಿ ಅಂದುಕೊಂಡು "ಚಲೋ ಐತೆ" ಅಂತಲೇ ಹೇಳಿದೆ. ಎರಡನೆಯದೂ ಸಪ್ಪೆ. ಮೂರನೆಯದು ಬರೀ ಹುಳಿ ನೀರು. ಮೆಣಸಿನಕಾಯಿ ಇಲ್ಲ, ಹೊಗೆಸೊಪ್ಪಿಲ್ಲ, ಗೋಣಿಚೀಲ ಇಲ್ಲ. ಇದು ಹಾಗೇ ಆಗುವ ಸಂಗತಿಯಲ್ಲ. ಯಾರೋ ಮಾಡಿದ್ದಾರೆ ಅನ್ನಿಸಿತು. ಎಣ್ಣೆಗೆ ಎಣ್ಣೆ ಬೆರೆಸುವವರನ್ನು ಇಪ್ಪತ್ತು ವರ್ಷ ನೋಡಿದ ತಲೆ ತನ್ನ ಲೆಕ್ಕವನ್ನು ತಾನೇ ಹಾಕಿತು. ನಾನಿಲ್ಲದ ಹದಿನೈದು ದಿನ, ಒಂಟಿ ಮನೆ, ಹಗೇವಿನ ಏಣಿ, ಮುಚ್ಚಳ ತೆಗೆದು ಮತ್ತೆ ಹಾಕಬಲ್ಲ ನಾಜೂಕು ಕೈ.

"ಅಣ್ಣಾರೆ, ನೇರ ಕೇಳ್ತೀನಿ" ಅಂದೆ. "ಮೊದ್ಲೇ ತೆಗೆದು ಅರ್ಧ ಕುಡಿದು ನೀರು ತುಂಬಿ ಇಟ್ಟೀರಾ?"

ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡು ಮೂಸಿದರು. ಒಂದು ತೊಟ್ಟೂ ಬಿಡದೆ ಕುಡಿದು ಲೋಟ ಕೆಳಗಿಟ್ಟರು.

"ಮಿಲ್ಲು ಹೆಂಗೆ ನಡೀತೈತೆ?" ಅಂತ ಕೇಳಿದರು.

ಮಾತು ಮರೆಸುತ್ತಿದ್ದಾರೆ ಅನ್ನಿಸಿ ಮೈಯೆಲ್ಲ ಉರಿಯಿತು. "ನಮ್ಮ ಮಿಲ್ಲಿನ ಚಿಂತೆ ನಿಮಗ್ಯಾಕೆ? ನಾವು ಬೆರಕೆ ವ್ಯಾಪಾರ ಮಾಡಲ್ಲ" ಅಂದೆ. ರೇಷ್ಮೆಗೆ ನಕಲಿ ನೂಲು ಬೆರೆಸುತ್ತೀರಿ ಅಂದ ಹಾಗೆ, ಸೀರೆ ವ್ಯಾಪಾರದವರಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಹೇಳುವಾಗಲೇ ಅದು ನನಗೆ ಗೊತ್ತಿತ್ತು. ಅವರ ಮುಖ ಕಪ್ಪಿಟ್ಟಿತು. ಬಾಗಿಲ ತನಕ ಬಂದು ಕಳಿಸಿದರು, ಅಷ್ಟೆ. ಎಂಟು ತಿಂಗಳು ನಾನು ಹೋಗಲಿಲ್ಲ, ಅವರು ಕರೆಯಲಿಲ್ಲ. ಅಕ್ಕ ತಂಗಿಯರು ಮಾತ್ರ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ನಾನು ಬಂದರೆ ದನಿ ತಗ್ಗಿಸುತ್ತಿದ್ದರು.

ಒಂದು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪೇಪರು ಓದುತ್ತಿದ್ದೆ. ಹೆಂಡತಿ ಹಾಲು ಒಲೆಯ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದಳು. ಬಂದವಳು ಕೂಗಿಕೊಂಡಳು.

"ಏನ್ರೀ, ಹಾಲೆಲ್ಲ ಸೀದು ಪಾತ್ರೆ ಕರ್ರಗಾಗೈತೆ! ಪಕ್ಕದಾಗೇ ಕುಂತೀರಿ, ವಾಸ್ನೆ ಬರಲಿಲ್ವಾ?"

"ಯಾವ ವಾಸ್ನೆ?" ಅಂದೆ.

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ನಾನು ಒಂದು ಕ್ಷಣ ಅವಳನ್ನೂ ಅನುಮಾನಿಸಿದೆ, ಇವಳು ನಾಟಕ ಮಾಡುತ್ತಿದ್ದಾಳೆ ಅಂತ. ಆಮೇಲೆ ಎದ್ದು ಇಂಗಿನ ಡಬ್ಬಿ ಮುಚ್ಚಳ ತೆಗೆದೆ. ಬೆಳ್ಳುಳ್ಳಿ ಜಜ್ಜಿದೆ. ಹಿತ್ತಲಿಗೆ ಹೋಗಿ ಸೀಮೆಎಣ್ಣೆ ಕ್ಯಾನಿಗೆ ಮೂಗು ಇಟ್ಟೆ. ಕೊನೆಗೆ ಮಿಲ್ಲಿಗೆ ಹೋಗಿ, ಕಮಟು ಹಿಡಿದಿದೆ ಅಂತ ಬದಿಗಿಟ್ಟಿದ್ದ ಹಳೇ ಎಣ್ಣೆಯ ಡಬ್ಬಿ ತೆಗೆದು ಮೂಸಿದೆ. ಏನೂ ಇಲ್ಲ. ಗೋಡೆಯನ್ನು ಮೂಸಿದ ಹಾಗಿತ್ತು. ಅಲ್ಲೇ ಚೀಲದ ಮೇಲೆ ಕೂತುಬಿಟ್ಟೆ.

ಆ ಜ್ವರದಲ್ಲಿ ಹೋಗಿದೆ, ಬಂದರೆ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು. ಬರಲಿಲ್ಲ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಅವತ್ತೇ ಗೊತ್ತಾಯಿತು ಅನ್ನುವುದು ಪೂರ್ತಿ ಸತ್ಯವಲ್ಲ. ಸುಮಾರು ಒಂದು ವರ್ಷದಿಂದ ಯಾರ್ಡಿನಲ್ಲಿ ನಾನು ಬೀಜ ತಿಕ್ಕಿ ಮೂಗಿಗೆ ಹಿಡಿದು, ಏನೂ ಬರದೆ, ಕಚ್ಚಿ ನೋಡಿ, ಬಣ್ಣ ನೋಡಿ, ದಲಾಲಿಯ ಮುಖ ನೋಡಿ ತೀರ್ಮಾನ ಮಾಡುತ್ತಿದ್ದೆ. ಸುತ್ತ ನಿಂತವರಿಗೆ ಕಾಣುವ ಹಾಗೆ ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದೆ. ಊರಿನವರೆಲ್ಲರ ಮೋಸ ಹಿಡಿದವನು ನನ್ನ ಮೂಗಿನ ಮೋಸವನ್ನು ಹಿಡಿಯದೇ ಬಿಟ್ಟಿದ್ದೆ. ಹಿಡಿದಿದ್ದರೆ ನಾನು ಯಾರ್ಡಿನಲ್ಲಿ ಯಾರು?

ಹೆಂಡತಿಗೆ ಹೇಳಿದೆ. ಬೇರೆ ದಾರಿ ಇರಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. "ದಿನಾ ಸ್ಯಾಂಪಲ್ ಪೊಟ್ಟಣ ಕಟ್ಟಿ ಮನೆಗೆ ಕಳಿಸ್ರಿ, ನಾನು ನೋಡಿ ಹೇಳ್ತೀನಿ" ಅಂದಳು. ಆಮೇಲೆ, "ನನ್ನ ಮೂಗು ಸರಿಗೈತೆ. ನೀವು ಬೋರ್‌ವೆಲ್ ನೋಡಿ ಬಂದಾಗೆಲ್ಲ ವಾಸ್ನೆ ಬರ್ತಿತ್ತು" ಅಂದಳು. "ಭಾವನ್ನ ಏನೋ ಅಂದೀರಂತೆ. ಹೋಗಿ ಬರ್ರಿ" ಅಂದಳು.

ಮರುದಿನವೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಕೆಟ್ಟ ಯೋಚನೆ. ಈಗ ಇವರು ನನ್ನನ್ನು ಕ್ಷಮಿಸಿದರೆ ಅದರ ಹಿಂದೆ ಏನಿರುತ್ತದೆ? ಅಂಗಡಿಯಲ್ಲಿ ಅವರು ಗಿರಾಕಿಗೆ ಸೆರಗು ಬಿಡಿಸಿ ತೋರಿಸುತ್ತಿದ್ದರು. ನನ್ನನ್ನು ನೋಡಿ ಸೀರೆ ಮಡಿಸಲು ಮಗನ ಕೈಗೆ ಕೊಟ್ಟು, ಚಪ್ಪಲಿ ಹಾಕಿಕೊಂಡು ಹೊರಗೆ ಬಂದರು. "ನಡಿ, ಬಿ.ಜಿ. ಕೆರೆಗೆ ಹೋಗಾನ" ಅಂದರು. ನಾನು ಅವರ ಸ್ಕೂಟರಿನ ಹಿಂದೆ ಕೂತೆ.

ಹಗೇವಿನಿಂದ ತೊಂಬತ್ತಮೂರು ತಂದರು. ಎಂಟು ತಿಂಗಳಲ್ಲಿ ಒಂದೂ ತೆಗೆದಿಲ್ಲ ಅಂದರು. ಇನ್ನು ಐದೇ ಉಳಿದಿದ್ದವು, ಮುದುಕ ಆ ವರ್ಷ ಬಂದಿರಲಿಲ್ಲ. ಲೋಟ ನನ್ನ ಮುಂದಿಟ್ಟರು. ನಾನು ಮುಟ್ಟಲಿಲ್ಲ.

"ಅಣ್ಣಾರೆ, ನನಗೆ ವಾಸ್ನೆ ಬರಲ್ಲ."

"ಗೊತ್ತೈತೆ."

"ಯಾರು ಹೇಳಿದ್ರು?"

"ಜ್ವರದಿಂದ ಎದ್ದು ಬಂದ್ಯಲ್ಲ, ಅವತ್ತಿನ ಬಾಟ್ಲಿ ಮುಗ್ಗು ಹಿಡಿದಿತ್ತು. ಬಿರಡೆ ಕೆಟ್ಟು ಹಳೇ ಚೀಲ ಕೊಳೆತಂಗೆ ನಾರ್ತಿತ್ತು. ನೀನು ಅದನ್ನ ಮೂಸಿ ಚಲೋ ಐತೆ ಅಂದಿ. ಮುಗ್ಗು ಹಿಡಿಯೋದ್ರಾಗೆ ನಿನ್ನಂಥೋನಿಲ್ಲ, ನೀನು ಚಲೋ ಐತೆ ಅಂದಿ. ಮಿಲ್ಲು ಏನಾಗ್ತೈತೋ ಅಂತ ನನಗೆ ಅವತ್ತಿಂದ ನಿದ್ದಿಲ್ಲ."

"ಹಂಗಾದ್ರೆ ಹೇಳಬಾರ್ದಿತ್ತಾ?"

"ಹೇಳಿದ್ರೆ ನಂಬ್ತಿದ್ದಾ?"

ನಂಬುತ್ತಿರಲಿಲ್ಲ. ನನ್ನ ಮೂಗು ಕೆಟ್ಟಿದೆ ಅಂತ ಹೇಳಿ ಕೆಟ್ಟ ಮಾಲು ದಾಟಿಸಲು ನೋಡುತ್ತಿದ್ದಾರೆ ಅನ್ನುತ್ತಿದ್ದೆ. ಅದೇ ಮಾತು ಹೇಳುತ್ತಿದ್ದೆ, ಅದೂ ಕೂಗಿ. ತಪ್ಪಾಯಿತು ಅನ್ನಲು ಬಾಯಿ ತೆರೆದೆ, ಅವರು ಕೈ ಅಡ್ಡ ಮಾಡಿದರು.

"ಆಮೇಲೆ ಹೇಳುವಂತೆ. ಇದು ಜಾಸ್ತಿ ಹೊತ್ತು ಕಾಯಲ್ಲ" ಅಂದರು. ತಮ್ಮ ಲೋಟ ಎತ್ತಿ ಮೂಸಿ, ಕಣ್ಣು ಮುಚ್ಚಿಕೊಂಡರು. "ಬಣ್ಣಕ್ಕೆ ಹಾಕೋಕೆ ಮುಂಚೆ ರೇಷ್ಮೆ ನೂಲು ಕುದಿಸ್ತಾರಲ್ಲ, ಆ ಹಂಡೆ ಹತ್ರ ನಿಂತಂಗೈತೆ. ಸ್ವಲ್ಪ ದೂರದಾಗೆ ನಿಂತಂಗೆ."

ನೂಲು ಕುದಿಸುವ ಹಂಡೆಯ ಹತ್ತಿರ ನಾನು ಜೀವನದಲ್ಲಿ ಹೋದವನಲ್ಲ. ಅದು ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ದಲಾಲಿಯ ಮುಖ ನೋಡುವ ಹಾಗೆ ಅವರ ಮುಖ ನೋಡಿದೆ. ಹುಬ್ಬು, ತುಟಿ, ಗಂಟಲು, ಎಲ್ಲ ನೋಡಿದೆ. ನನ್ನ ಸಮಾಧಾನಕ್ಕೆ ಏನೋ ಕಟ್ಟಿ ಹೇಳುತ್ತಿರಬಹುದು. ಅದರಲ್ಲಿ ಅರ್ಧವಾದರೂ ಸುಳ್ಳು ಅಂತ ನನಗೆ ಈಗಲೂ ಅನುಮಾನವಿದೆ.

ಲೋಟ ಎತ್ತಿ ಒಂದು ಗುಟುಕು ಕುಡಿದೆ. ತೆಳು, ಹುಳಿ, ಕೊನೆಯಲ್ಲಿ ಚೂರು ಒಗರು.

"ಇನ್ನೂ ಏನೈತೆ, ಹೇಳ್ರಿ" ಅಂದೆ.